ಕಿವಿ ಪರೀಕ್ಷೆ ಮಾಡಿಸದೆ ಥೆರಪಿಗೆ ದುಡ್ಡು ಕಟ್ಟಬೇಡಿ

ನನ್ನ ಮಗಳಿಗೆ ಈಗ ನಾಲ್ಕೂವರೆ ವರ್ಷ. ಅದರಲ್ಲಿ ಪೂರ್ತಿ ಒಂದು ವರ್ಷ ನಮ್ಮ ತಪ್ಪಿನಿಂದ ಹಾಳಾಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ದಯವಿಟ್ಟು ಓದಿ.

ಎರಡೂವರೆ ವರ್ಷವಾದರೂ ಅವಳಿಗೆ ಮಾತು ಬಂದಿರಲಿಲ್ಲ. ಅಕ್ಕನನ್ನು 'ಆಆ' ಅಂತ ಕರೆಯುತ್ತಿದ್ದಳು. ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. "ನಿನ್ನ ಗಂಡನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನೆ ಹೆದರಬೇಡ" ಅಂದರು. ಪ್ಲೇಹೋಮ್ ಟೀಚರ್ ಮಾತ್ರ, "ಹೆಸರು ಕರೆದರೆ ತಿರುಗುವುದಿಲ್ಲ, ಒಮ್ಮೆ ತೋರಿಸಿ" ಎಂದರು. ನಾವು ಓಡಿದ್ದು ಊರಿನ ಒಂದು ಖಾಸಗಿ ಥೆರಪಿ ಸೆಂಟರಿಗೆ.

ಅಲ್ಲಿ ಇಪ್ಪತ್ತು ನಿಮಿಷ ನೋಡಿ 'ಆಟಿಸಂ' ಅಂದುಬಿಟ್ಟರು, ಅಂದರೆ ಬೇರೆಯವರ ಜೊತೆ ಬೆರೆಯಲು, ಮಾತಾಡಲು ಕಷ್ಟವಾಗುವ ಬೆಳವಣಿಗೆಯ ತೊಂದರೆ. ಆರು ತಿಂಗಳ ಪ್ಯಾಕೇಜ್, ದುಡ್ಡು ಮೊದಲೇ ಕಟ್ಟಬೇಕು, ಮಾತು ಬಂದೇ ಬರುತ್ತದೆ ಎಂದರು. "ಕಿವಿ ಕೇಳುತ್ತಾ ಅಂತ ನೋಡಬೇಕಲ್ವಾ ಮೇಡಂ?" ಎಂದು ಕೇಳಿದೆ. ಆಕೆ ಮಗುವಿನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಮಗಳು ತಿರುಗಿದಳು. "ನೋಡಿ, ಚೆನ್ನಾಗಿ ಕೇಳುತ್ತೆ." ಮನೆಯಲ್ಲಿ ತಟ್ಟೆ ಬಡಿದು ನಾವೂ ಹೀಗೇ ನಂಬಿದ್ದೆವು.

ಥೆರಪಿ ಹೊತ್ತಿನಲ್ಲಿ ಬಾಗಿಲು ಹಾಕುತ್ತಿದ್ದರು, ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಎರಡನೇ ಪ್ಯಾಕೇಜಿಗೆ ನನ್ನ ಬಳೆ ಅಡವಿಟ್ಟೆವು. ದುಡ್ಡು ಹೋಗಲಿ. 'ಹಠ ಜಾಸ್ತಿ, ಹೇಳಿದ್ದು ಕೇಳಲ್ಲ' ಎಂದು ಅವರು ದೂರಿದಾಗೆಲ್ಲ ನಾನು ಮನೆಗೆ ಬಂದು ಮಗುವನ್ನು ಗದರಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮಗು ಮಲಗಿದ್ದಾಗ ತಲೆಗೆ ವೈರ್ ಅಂಟಿಸಿ ಬೆರಾ ಪರೀಕ್ಷೆ (ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುತ್ತವಾ ಎಂದು ನೋಡುವುದು) ಮಾಡಿದರು, ಇನ್ನೂ ಕೆಲವು ಪರೀಕ್ಷೆಗಳಾದವು. ಅವಳಿಗೆ ದಪ್ಪ ಸದ್ದು ಕೇಳುತ್ತದೆ, ಕೀರಲು ಸದ್ದು ಕೇಳುವುದಿಲ್ಲ. ಅ, ಆ, ಓ ಕಿವಿಗೆ ಬೀಳುತ್ತವೆ. ಸ, ಶ, ತ, ಕ ಬೀಳುವುದಿಲ್ಲ. ನಾವು 'ಅಕ್ಕ' ಅಂದರೆ ಅವಳಿಗೆ ಕೇಳುತ್ತಿದ್ದದ್ದೇ 'ಆಆ'. ಆಟಿಸಂ ಇರಲೇ ಇಲ್ಲ.

ಆಟಿಸಂ ಅನುಮಾನ ಇದ್ದರೂ ಮೊದಲು ಆಗಬೇಕಾದದ್ದು ಕಿವಿ ಪರೀಕ್ಷೆ. ಚಪ್ಪಾಳೆ ಪರೀಕ್ಷೆಯಲ್ಲ. ಒಂದು ವರ್ಷಕ್ಕೆ ಹೆಸರಿಗೆ ತಿರುಗದಿದ್ದರೆ, ಎರಡು ವರ್ಷಕ್ಕೆ 'ಅಮ್ಮ ಬಾ' ಎಂಬಂತೆ ಎರಡು ಪದ ಸೇರಿಸದಿದ್ದರೆ ಕಾಯಬೇಡಿ. ಇಂಥ ಥೆರಪಿ ಮಾಡುವವರನ್ನು ನೋಂದಾಯಿಸುವ ಸರ್ಕಾರಿ ಸಂಸ್ಥೆಯಾದ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಅವರಿಗೆ ಇದೆಯಾ ಎಂದು ಕೇಳಿ. ನಾವು ಕೇಳಿರಲಿಲ್ಲ. ತಾಯಿಯನ್ನು ಹೊರಗೆ ಕೂರಿಸುವ ಕಡೆ ಮಗುವನ್ನು ಬಿಡಬೇಡಿ. ದಿನದ ಉಳಿದ ಹೊತ್ತು ಮಗು ಇರುವುದು ನಮ್ಮ ಜೊತೆ ತಾನೆ? ಅಲ್ಲಿ ನೋಡಿ ಕಲಿತರೆ ಮಾತ್ರ ಮನೆಯಲ್ಲೂ ಮಾಡಿಸಬಹುದು.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂಬ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನೂ ಅದರಲ್ಲಿ ಗುರುತಿಸುತ್ತಾರೆ. ಪ್ಲೇಹೋಮ್‌ಗೆ ಆ ತಪಾಸಣೆ ತಂಡ ಬರುವುದಿಲ್ಲ. ಮಕ್ಕಳನ್ನು ಅಲ್ಲಿಗೆ ಕಳಿಸುವ ನಮ್ಮಂಥವರು ನಾವಾಗಿಯೇ ವಿಚಾರಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.

ಕಿವಿಗೆ ಮಷೀನ್ ಹಾಕಿದ ಮೂರನೇ ದಿನ ಒಗ್ಗರಣೆಗೆ ಸಾಸಿವೆ ಹಾಕಿದೆ. ಚಟಪಟ ಅಂದಿತು. ಆಟ ಆಡುತ್ತಿದ್ದವಳು ಎದ್ದು ಬಂದು ಒಲೆಯನ್ನೇ ನೋಡುತ್ತಾ ನಿಂತಳು.