ರಿವ್ಯೂ, ಪೇರ್, ಮಾಬ್, ಕಟಾ: ಯಾವುದು ನನಗೆ ಏನು ಕಲಿಸಿತು

ಒಂದು ಕಾಲಕ್ಕೆ ನನ್ನ ಕೋಡ್ ರಿವ್ಯೂಗಳಲ್ಲಿ (ನಾನು ಬರೆದ ಕೋಡನ್ನು ತಂಡದವರು ಓದಿ ಅಭಿಪ್ರಾಯ ಹೇಳುವಾಗ) ಒಂದೇ ಕಾಮೆಂಟ್ ಮತ್ತೆ ಮತ್ತೆ ಬರುತ್ತಿತ್ತು: "ಈ ಫಂಕ್ಷನ್ ಎರಡು ಕೆಲಸ ಮಾಡುತ್ತಿದೆ, ಒಡೆಯಿರಿ." ಫಂಕ್ಷನ್ ಅಂದ್ರೆ ಒಂದು ಕೆಲಸಕ್ಕೆ ಅಂತ ಬರೆದ ಕೋಡಿನ ತುಣುಕು. ಪ್ರತಿ ಸಲ ಒಡೆಯುತ್ತಿದ್ದೆ. ಮುಂದಿನ ಸ್ಪ್ರಿಂಟ್‌ನಲ್ಲಿ (ಕೆಲವು ವಾರಗಳ ಮುಂದಿನ ಕೆಲಸದ ಸುತ್ತಿನಲ್ಲಿ) ಮತ್ತೆ ಅಂಥದ್ದನ್ನೇ ಬರೆಯುತ್ತಿದ್ದೆ. ಕೋಡ್ ಸರಿಯಾಗುತ್ತಿತ್ತು, ನಾನು ಸರಿಯಾಗುತ್ತಿರಲಿಲ್ಲ. ಅದು ನನ್ನನ್ನು ಬಹಳ ಕಾಡಿತು. ಹಾಗಾಗಿ ಕಲಿಯೋಕೆ ಬೇರೆ ಯಾವ ದಾರಿ ಇದೆ ಅಂತ ಹುಡುಕಿ, ನಾಲ್ಕು ದಾರಿಗಳನ್ನೂ ಒಂದೊಂದಾಗಿ ತಿಂಗಳುಗಟ್ಟಲೆ ಮಾಡಿ ನೋಡಿದೆ.

ರಿವ್ಯೂನಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಎಲ್ಲ ತಂಡಗಳಲ್ಲೂ ಇರುವುದು ಅದೇ. ಐಬಿಎಂನ ಮೈಕಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಯ ಬಗ್ಗೆ ಬರೆದಾಗ ಅದು ಎಲ್ಲರೂ ಒಟ್ಟಿಗೆ ಕೂತು ಮಾಡುವ ಸಭೆಯಾಗಿತ್ತು. ಈಗ ನಾವು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಗಳನ್ನು ಓದಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿ ಕಾಯುತ್ತೇವೆ. ಇದರಲ್ಲಿ ಒಳ್ಳೆಯದು ನಿಜವಾಗಲೂ ಇದೆ. ಓದುವವರಿಗೆ ಆತುರ ಇರುವುದಿಲ್ಲ. ಬರೆದ ಮಾತು ಉಳಿಯುತ್ತದೆ, ಆರು ತಿಂಗಳ ನಂತರ "ಇದನ್ನ ಯಾಕೆ ಹೀಗೆ ಮಾಡಿದ್ವಿ" ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಬೇರೆ ಬೇರೆ ದೇಶದ ಸಮಯದಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ನಾನಂತೂ ಬೇರೆಯವರ ಕೋಡ್ ಓದಿಯೇ ಜಾಸ್ತಿ ಕಲಿತೆ, ನನ್ನ ಕೋಡ್‌ಗೆ ಬಂದ ಕಾಮೆಂಟ್‌ಗಳಿಂದ ಕಲಿತದ್ದು ಕಡಿಮೆ.

ಕೊರತೆ ಏನಂದ್ರೆ, ರಿವ್ಯೂಗೆ ಬರುವುದು ಮುಗಿದ ಕೆಲಸ. ಮೊದಲು ಏನು ಯೋಚಿಸಿದೆ, ಎಲ್ಲಿ ದಾರಿ ತಪ್ಪಿದೆ, ಯಾವುದನ್ನು ಬರೆದು ಅಳಿಸಿದೆ, ಇದ್ಯಾವುದೂ ಅಲ್ಲಿ ಕಾಣುವುದಿಲ್ಲ.

ಪೇರ್ ಪ್ರೋಗ್ರಾಮಿಂಗ್‌ನಲ್ಲಿ ಕಂಡದ್ದು ಸರಿಯಾಗಿ ಅದೇ. 1990ರ ದಶಕದಲ್ಲಿ ಕೆಂಟ್ ಬೆಕ್ ರೂಪಿಸಿದ ಸಾಫ್ಟ್‌ವೇರ್ ಕೆಲಸದ ಕ್ರಮವಾದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಇದನ್ನು ದಿನದ ಅಭ್ಯಾಸವಾಗಿ ಮಾಡಿತು: ಇಬ್ಬರು, ಒಂದು ಕಂಪ್ಯೂಟರ್. ನಾವು ಆಡುತ್ತಿದ್ದದ್ದು ಪಿಂಗ್‌ಪಾಂಗ್ ಕ್ರಮ. ಒಬ್ಬರು ಫೇಲಾಗುವ ಟೆಸ್ಟ್ (ಕೋಡ್ ಸರಿಯಾಗಿದೆಯಾ ಅಂತ ನೋಡುವ ಪುಟ್ಟ ಕೋಡ್) ಬರೆಯಬೇಕು, ಇನ್ನೊಬ್ಬರು ಅದನ್ನು ಪಾಸ್ ಮಾಡಿಸಿ, ಮುಂದಿನ ಟೆಸ್ಟ್ ಬರೆದು ಕೀಬೋರ್ಡ್ ಬಿಟ್ಟುಕೊಡಬೇಕು. ಮೊದಲ ವಾರವೇ ನನ್ನ ಜೊತೆಗಾರ್ತಿ, ನಾನು ಒಂದು ಅಕ್ಷರ ಟೈಪ್ ಮಾಡುವ ಮೊದಲು ಕೇಳಿದರು, "ಈ ಫಂಕ್ಷನ್‌ಗೆ ಏನು ಹೆಸರು ಇಡ್ತೀರಾ?" ನಾನು "ಲೆಕ್ಕ ಹಾಕಿ ಸೇವ್ ಮಾಡು" ಅಂದೆ. "ಹೆಸರಲ್ಲೇ ಎರಡು ಕೆಲಸ ಇದೆ ಅಲ್ವಾ?" ಅಂದರು. ಅಷ್ಟೇ. ಮೂರು ಸ್ಪ್ರಿಂಟ್‌ಗಳ ಕಾಮೆಂಟ್‌ನಿಂದ ಆಗದ್ದು ಆ ಒಂದು ಪ್ರಶ್ನೆಯಿಂದ ಆಯಿತು. ಯಾಕಂದ್ರೆ ತಪ್ಪು ಹುಟ್ಟುವ ಕ್ಷಣದಲ್ಲೇ ಅವರು ಪಕ್ಕದಲ್ಲಿದ್ದರು.

ಇನ್ನೊಂದು ದಿನ ಒಂದು ವರದಿಯ ಮೊತ್ತ ತಪ್ಪು ಬರುತ್ತಿತ್ತು. ನಾನಾಗಿದ್ದರೆ ಎಲ್ಲ ಕಡೆ ಪ್ರಿಂಟ್ ಸಾಲು ಹಾಕುತ್ತಾ ಹೋಗುತ್ತಿದ್ದೆ. ಜೊತೆಗಾರ್ತಿ ಗಿಟ್ ಬೈಸೆಕ್ಟ್ ಶುರು ಮಾಡಿದರು. ಗಿಟ್ ಅಂದ್ರೆ ಕೋಡಿನ ಬದಲಾವಣೆಗಳನ್ನು ಕಮಿಟ್ ಅಂತ ದಾಖಲಿಸಿ ಇಡುವ ಸಾಧನ; ಬೈಸೆಕ್ಟ್ ಅದರಲ್ಲಿ ತಪ್ಪು ನುಗ್ಗಿದ ಕಮಿಟ್ ಹುಡುಕುವ ಆಜ್ಞೆ. ಸರಿಯಿದ್ದ ಒಂದು ಹಳೇ ಕಮಿಟ್, ಕೆಟ್ಟಿರುವ ಇವತ್ತಿನ ಕಮಿಟ್, ಎರಡನ್ನೂ ಹೇಳಿದರೆ ಗಿಟ್ ನಡುವಿನದ್ದನ್ನು ತೆಗೆದು ಕೊಡುತ್ತದೆ. ಸರಿಯೋ ತಪ್ಪೋ ಹೇಳಿದರೆ ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯುತ್ತದೆ. 1000 ಕಮಿಟ್ ಇದ್ದರೂ ಸುಮಾರು 10 ಹೆಜ್ಜೆ ಸಾಕು. ಆ ಬಗ್ ಸರಿಪಡಿಸಲು ಕೊನೆಗೆ ಬದಲಾದದ್ದು ಒಂದೇ ಒಂದು ಸಾಲು. ರಿವ್ಯೂನಲ್ಲಿ ನನಗೆ ಕಾಣುತ್ತಿದ್ದದ್ದು ಆ ಸಾಲು ಮಾತ್ರ.

ಜೊತೆಯಲ್ಲಿ ಕೆಲಸ ಮಾಡುವುದು ಹೇಗೆ ಅಂತಲೂ ಕಲಿತದ್ದು ಇಲ್ಲೇ. ಮೊದಮೊದಲು ಎದುರಿನವರು ಟೈಪ್ ಮಾಡುವಾಗ "ಅಲ್ಲಿ ಬ್ರಾಕೆಟ್ ಬಿಟ್ರಿ" ಅಂತ ತಕ್ಷಣ ಹೇಳಿಬಿಡುತ್ತಿದ್ದೆ. ಅವರೇ ನೋಡಿಕೊಳ್ಳುವಷ್ಟು ಹೊತ್ತು ಕೊಡಬೇಕು ಅಂತ ಗೊತ್ತಾಗಲು ಸಮಯ ಹಿಡಿಯಿತು. ಪ್ರೋಗ್ರಾಮರ್ ಲುವೆಲಿನ್ ಫಾಲ್ಕೊ ಹೇಳಿದ ಒಂದು ಕ್ರಮ ಆಗ ಸಹಾಯಕ್ಕೆ ಬಂತು: ನಿನ್ನ ತಲೆಯಲ್ಲಿರುವ ವಿಚಾರ ಕಂಪ್ಯೂಟರ್‌ಗೆ ಹೋಗಬೇಕಾದರೆ ಇನ್ನೊಬ್ಬರ ಕೈಯಿಂದಲೇ ಹೋಗಬೇಕು. ಮಾಡಿ ನೋಡಿ, ವಿಚಾರವನ್ನು ಬಿಡಿಸಿ ಹೇಳಲೇಬೇಕಾಗುತ್ತದೆ. ಹೊಸಬರಿಗೆ ಕೀಬೋರ್ಡ್ ಕೊಟ್ಟು ಅನುಭವಿಗಳು ಮಾತಾಡುವುದು ಬೇರೆ ಯಾವ ದಾರಿಯಲ್ಲೂ ಇಷ್ಟು ಚೆನ್ನಾಗಿ ನಡೆಯಲಿಲ್ಲ.

ಆದರೆ ಸುಸ್ತಾಗುತ್ತದೆ. ದಿನವಿಡೀ ಪೇರ್ ಮಾಡಿದ ವಾರ ಸಂಜೆ ಯಾರ ಜೊತೆಗೂ ಮಾತು ಬೇಡ ಅನಿಸುತ್ತಿತ್ತು. ಎರಡು ಗಂಟೆಯ ನಂತರ ನಾವಿಬ್ಬರೂ ಸುಮ್ನೆ ತಲೆಯಾಡಿಸುತ್ತಿದ್ದೆವು, ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ದಿನಕ್ಕೆ ಎರಡು ಗಂಟೆ, ನಡುವೆ ಒಂದು ಬಿಡುವು. ನನಗೆ ಹೊಂದಿದ್ದು ಅಷ್ಟು.

ಮಾಬ್ ಪ್ರೋಗ್ರಾಮಿಂಗ್ ಅಂದ್ರೆ ಇಡೀ ತಂಡ ಒಂದೇ ಪರದೆಯ ಮುಂದೆ. ವುಡಿ ಝುಯಿಲ್ ಮತ್ತು ಅವರ ತಂಡದಿಂದ ಈ ಕ್ರಮ ಹೆಚ್ಚು ಜನರಿಗೆ ಪರಿಚಯವಾಯಿತು. ನಾವು ಐದು ಜನ ಹತ್ತು ನಿಮಿಷಕ್ಕೊಮ್ಮೆ ಕೀಬೋರ್ಡ್ ಬದಲಿಸಿದೆವು. ಯಾರೂ ಮುಟ್ಟಲು ಹೆದರುತ್ತಿದ್ದ ಒಂದು ಹಳೇ ಮಾಡ್ಯೂಲ್ ಅರ್ಧ ದಿನದಲ್ಲಿ ಐವರಿಗೂ ಅರ್ಥವಾಯಿತು. ಮಾಮೂಲಿ ಕೆಲಸಕ್ಕೆ ಮಾತ್ರ ಇದು ಜಾಸ್ತಿಯೇ ಆಯಿತು. ಮೆಲುದನಿಯವರು ತಮ್ಮ ಸರದಿಯಲ್ಲಿ ಟೈಪ್ ಮಾಡುತ್ತಿದ್ದರು, ಅಭಿಪ್ರಾಯ ಹೇಳುತ್ತಿರಲಿಲ್ಲ. ಪೇರ್‌ನಲ್ಲಿ ಅದೇ ಜನ ಚೆನ್ನಾಗಿ ಮಾತಾಡುತ್ತಿದ್ದರು.

ಕಟಾ ಅಂದ್ರೆ ಚಿಕ್ಕ ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸುವ ಅಭ್ಯಾಸ, ಕರಾಟೆಯಿಂದ ಬಂದ ಹೆಸರು. ರೋಮನ್ ಅಂಕಿ, ಬೌಲಿಂಗ್ ಆಟದ ಅಂಕ, ಇಂಥವು. ಒಬ್ಬನೇ ಮಾಡಿದಾಗ ಕೈ ಚುರುಕಾಯಿತು, ಎಡಿಟರ್‌ನ ಶಾರ್ಟ್‌ಕಟ್‌ಗಳು ರೂಢಿಯಾದವು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಕೋಡ್ ರಿಟ್ರೀಟ್‌ನಲ್ಲಿ (ಹಲವರು ಸೇರಿ ಅಭ್ಯಾಸ ಮಾಡುವ ಕೂಟದಲ್ಲಿ) ಮಾಡಿದಾಗ ಕಥೆಯೇ ಬೇರೆ. ಜಾನ್ ಕಾನ್ವೇ ಅವರ ಗೇಮ್ ಆಫ್ ಲೈಫ್ (ಚೌಕಗಳು ಕೆಲವು ನಿಯಮಗಳಂತೆ ಹುಟ್ಟಿ ಸಾಯುವ ಆಟ) ಅನ್ನು 45 ನಿಮಿಷ ಜೋಡಿಯಲ್ಲಿ ಬರೆದು, ಪೂರ್ತಿ ಅಳಿಸಿ, ಹೊಸ ಜೋಡಿಯ ಜೊತೆ ಮತ್ತೆ ಶುರು. ಅಳಿಸಲೇಬೇಕು ಅಂತ ಗೊತ್ತಿದ್ದಾಗ ಮುಗಿಸುವ ಒತ್ತಡ ಇರುವುದಿಲ್ಲ. ಇಫ್ (ಹೀಗಿದ್ದರೆ ಹಾಗೆ ಮಾಡು ಅನ್ನುವ ಷರತ್ತು) ಇಲ್ಲದೆ ಬರೆಯೋಣವಾ ಅಂತ ಕೇಳುವ ಧೈರ್ಯ ನನಗೆ ಬಂದದ್ದು ಅಲ್ಲೇ.

2001ರಲ್ಲಿ ಸಾಫ್ಟ್‌ವೇರ್ ಹೇಗೆ ಮಾಡಬೇಕು ಅಂತ 17 ಜನ ಬರೆದ ಅಜೈಲ್ ಪ್ರಣಾಳಿಕೆ ಪ್ರಕ್ರಿಯೆ ಮತ್ತು ಸಾಧನಗಳಿಗಿಂತ ಜನರಿಗೆ, ಅವರ ಒಡನಾಟಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಆ ಅಳತೆಯಲ್ಲಿ ಪೇರ್‌ಗೇ ನನ್ನ ಮೊದಲ ಸ್ಥಾನ. ತಂಡಕ್ಕೆ ಹೊಸದಾಗಿ ಬಂದವರು ಕೇಳಿದರೆ ಮೊದಲ ತಿಂಗಳು ದಿನಕ್ಕೊಂದು ಪೇರ್ ಅವಧಿ ಕೇಳಿ ಪಡೆಯಿರಿ ಅನ್ನುತ್ತೇನೆ, ವಾರಕ್ಕೊಮ್ಮೆ ಜೊತೆಗಾರರನ್ನು ಬದಲಿಸಿ. ಪೇರ್ ಮಾಡಿದ ಕೋಡ್ ಅನ್ನೂ ನಾನು ರಿವ್ಯೂಗೆ ಕಳಿಸುತ್ತೇನೆ. ಇಬ್ಬರೂ ಒಂದೇ ತಪ್ಪನ್ನು ಒಪ್ಪಿಕೊಂಡು ಮುಂದೆ ಹೋದದ್ದು ಎರಡು ಸಲ ಆಗಿದೆ. ಎರಡೂ ಸಲ ಅದನ್ನು ಹಿಡಿದದ್ದು ಮೂರನೆಯವರು.