ಗೋವಾದ ಸೂಪರ್‌ಮಾರ್ಕೆಟ್ ವೈನ್: ಅಗ್ಗದ ಬಾಟಲಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಬಿಳಿ ವೈನ್ ಬೇಕಾದರೆ ಸಾವಿರ ರೂಪಾಯಿಯೊಳಗಿನ ದೇಶೀ ಬಾಟಲಿ ಸಾಕು, ಲೇಬಲ್ ಮೇಲಿನ ಕೊಯ್ಲಿನ ಇಸವಿ ನೋಡಿ ಕೊಳ್ಳಿ. ಕೆಂಪು ವೈನ್ ಆದರೆ ಸಾವಿರದೈನೂರರಿಂದ ಎರಡು ಸಾವಿರದ ಆಸುಪಾಸಿನ ದೇಶೀ ರಿಸರ್ವ್‌ಗೆ (ಪೀಪಾಯಿಯಲ್ಲಿ ಮಾಗಿಸಿದ ಮೇಲ್ದರ್ಜೆಯ ವೈನ್) ಏರಿದಾಗ ಹೆಚ್ಚಿಗೆ ಕೊಟ್ಟ ದುಡ್ಡು ಬಾಯಿಗೆ ಗೊತ್ತಾಗುತ್ತದೆ. ಇವೆರಡರ ನಡುವೆ ಮಿನುಗುವ ವಿದೇಶಿ ಬಾಟಲಿಗಳ ಸಾಲಿದೆಯಲ್ಲ, ಅಲ್ಲಿ ಸುರಿಯುವ ದುಡ್ಡು ಬಹುಪಾಲು ದಂಡ.

ಗೋವಾದ ಮಾತು ಬೇರೆ. ಪಣಜಿ, ಮಡಗಾಂವ್, ಕಾಂದೋಳಿ ಕಡೆಯ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಬೇಳೆ, ಸೋಪಿನ ಸಾಲು ದಾಟಿದರೆ ವೈನ್ ಕಪಾಟು ಸಿಗುತ್ತದೆ. ಮಹಾರಾಷ್ಟ್ರದಲ್ಲೂ ಇಂಥ ಅನುಕೂಲ ಮಾಡಿಕೊಡಲು 2022ರ ಜನವರಿಯಲ್ಲಿ ಸಂಪುಟ ಒಪ್ಪಿತ್ತು, ವಿರೋಧ ಎದ್ದು ಅದು ಅಲ್ಲಿಗೇ ನಿಂತಿತು. ಹಾಗಾಗಿ ಪುಣೆಯಲ್ಲಿರುವ ನಮ್ಮವರು ಸಾಮಾನ್ಯವಾಗಿ ವೈನ್ ಶಾಪ್ ಕೌಂಟರಿನಲ್ಲಿ ಹೆಸರು ಹೇಳಿ, ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರಬೇಕು. ವಾಸ್ಕೊ, ಮಾಪ್ಸಾದಲ್ಲಿ ನೆಲೆಸಿದವರು, ಹುಬ್ಬಳ್ಳಿ-ಬೆಳಗಾವಿಯಿಂದ ಶನಿವಾರ ಘಟ್ಟ ಇಳಿಯುವವರು ಮಾತ್ರ ಬಾಟಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಆರಿಸಬಹುದು. ಆಯ್ಕೆಯ ಅರ್ಧ ಕೆಲಸ ಈ ತಿರುಗಿಸಿ ನೋಡುವುದರಲ್ಲೇ ಇದೆ.

ವಿದೇಶಿ ಬಾಟಲಿ ಯಾಕೆ ದುಬಾರಿ ಎಂಬ ಲೆಕ್ಕ ಮೊದಲು ತಿಳಿದಿರಲಿ. ಆಮದು ವೈನ್ ಮೇಲಿನ ಸಾಮಾನ್ಯ ಸುಂಕ 150%. ಅಂದರೆ ಬಂದರಿಗೆ 300 ರೂಪಾಯಿಗೆ ಬಂದ ಬಾಟಲಿಗೆ 450 ರೂಪಾಯಿ ಸುಂಕ ಬೀಳುತ್ತದೆ, ಒಟ್ಟು 750. ಇನ್ನೂ ಆಮದುದಾರ, ವಿತರಕ, ರಾಜ್ಯದ ಅಬಕಾರಿ, ಅಂಗಡಿಯ ಲಾಭ ಎಲ್ಲ ಬಾಕಿ. ಕಪಾಟಿಗೆ ಬರುವ ಹೊತ್ತಿಗೆ ಅದು ಸಾವಿರದ ಇನ್ನೂರೋ ಮುನ್ನೂರೋ ಆಗಿರುತ್ತದೆ. ಒಳಗಿರುವುದು ಮಾತ್ರ ತನ್ನ ಊರಿನ ಸೂಪರ್‌ಮಾರ್ಕೆಟ್ಟಿನ ಕೆಳಗಿನ ಸಾಲಿನ ವೈನೇ. ಆಸ್ಟ್ರೇಲಿಯಾದ್ದಕ್ಕೆ ಸ್ವಲ್ಪ ವಿನಾಯಿತಿ ಇದೆ: 2022ರ ಡಿಸೆಂಬರ್ 29ರಿಂದ ಜಾರಿಯಾದ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದ ಪ್ರಕಾರ ಆಮದು ಬೆಲೆ 5 ಅಮೆರಿಕನ್ ಡಾಲರಿಗಿಂತ ಮೇಲಿನ ಬಾಟಲಿಗೆ ಸುಂಕ 100%ಕ್ಕೆ, 15 ಡಾಲರಿಗಿಂತ ಮೇಲಿನದಕ್ಕೆ 75%ಕ್ಕೆ ಇಳಿಯಿತು, ಮುಂದೆ ವರ್ಷವರ್ಷವೂ ಇನ್ನಷ್ಟು ಇಳಿಯಬೇಕು. ಆದ್ದರಿಂದ ಹೊರಗಿನದೇ ಬೇಕೆಂಬ ಹಟವಿದ್ದರೆ ಆಸ್ಟ್ರೇಲಿಯಾದ ಮಧ್ಯಮ ದರ್ಜೆಯದು ನೋಡಿ. ಅದೇ ಬೆಲೆಯ ಫ್ರೆಂಚ್, ಇಟಾಲಿಯನ್ ಬಾಟಲಿಗಿಂತ ಅದರಲ್ಲಿ ವೈನಿಗೆ ಹೋದ ಪಾಲು ಹೆಚ್ಚು.

ಈಗ ಬಿಳಿ ವೈನ್. ಶೆನಿನ್ ಬ್ಲಾಂಕ್, ಸೊವಿನ್ಯೋ ಬ್ಲಾಂಕ್ ಇವೆರಡೂ ಅದೇ ಹೆಸರಿನ ದ್ರಾಕ್ಷಿಯಿಂದ ಮಾಡುವ, ತಾಜಾತನದ ಮೇಲೆ ನಿಂತ ವೈನ್‌ಗಳು. ಸ್ಟೀಲ್ ಟ್ಯಾಂಕಿನಲ್ಲಿ ತಣ್ಣಗೆ ಹುದುಗಿಸಿ, ಕೆಲವೇ ತಿಂಗಳಲ್ಲಿ ಬಾಟಲಿಗೆ ತುಂಬುತ್ತಾರೆ. ಪೀಪಾಯಿ ಇಲ್ಲ, ವರ್ಷಗಟ್ಟಲೆ ನೆಲಮಾಳಿಗೆ ಇಲ್ಲ, ಹಾಗಾಗಿ ದುಡ್ಡು ಸುರಿದು ಗೆಲ್ಲುವ ಜಾಗವೂ ಕಡಿಮೆ. ನಾಸಿಕದ ಸುಲಾ, ಅಕ್ಲೂಜಿನ ಫ್ರಾಟೆಲ್ಲಿ, ನಂದಿ ಬೆಟ್ಟದ ಬುಡದಿಂದ ಹೊರಟ ನಮ್ಮ ಗ್ರೋವರ್ ಜಾಂಪಾ, ಮೂರರಲ್ಲೂ ಈ ದರ್ಜೆಯ ಬಿಳಿ ವೈನ್ ಚೆನ್ನಾಗಿದೆ. ಸುಲಾ ಶೆನಿನ್‌ನಲ್ಲಿ ನಸು ಸಿಹಿ ಉಳಿಸಿರುತ್ತಾರೆ, ಖಾರದ ಊಟಕ್ಕೆ ಅದು ಒಳ್ಳೆಯದೇ. ಸೊವಿನ್ಯೋ ಪೂರ್ತಿ ಒಣ, ಅಂದರೆ ಸಿಹಿ ಇಲ್ಲ, ಹುಳಿ ಮುಂದು. ಹುರಿದ ಇಸ್ವಾಣ ಮೀನಿಗೆ, ಸಿಗಡಿಗೆ ನಿಂಬೆ ಹಿಂಡುವ ಕೆಲಸವನ್ನು ಅದೇ ಮಾಡಿಬಿಡುತ್ತದೆ.

ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಸೆಪ್ಟೆಂಬರ್ ಸುಮಾರಿಗೆ ಸವರಿ, ಚಳಿಗಾಲದಲ್ಲಿ ಹಣ್ಣಾಗುವಂತೆ ನೋಡಿಕೊಳ್ಳುತ್ತಾರೆ. ಯುರೋಪಿನಲ್ಲಿ ಅದೇ ಇಸವಿಯ ಹಣ್ಣು ಬಳ್ಳಿಯಿಂದ ಇಳಿಯುವ ಹೊತ್ತಿಗೆ ನಮ್ಮ ಬಿಳಿ ವೈನ್ ಅಂಗಡಿ ಸೇರಿರುತ್ತದೆ. ಲೇಬಲ್ ಮೇಲೆ ಈ ವರ್ಷ ಅಥವಾ ಹೋದ ವರ್ಷ ಇದ್ದರೆ ಕೊಳ್ಳಿ. ಎರಡು ವರ್ಷ ದಾಟಿದ ಅಗ್ಗದ ಬಿಳಿ ವೈನ್ ಎಷ್ಟೇ ರಿಯಾಯಿತಿಯಲ್ಲಿದ್ದರೂ ಬೇಡ, ಅದರ ಹಣ್ಣಿನ ಪರಿಮಳ ಆರಿ ಗಾಯವಾದ ಸೇಬಿನ ವಾಸನೆ ಶುರುವಾಗಿರುತ್ತದೆ. ಇಸವಿಯೇ ಇಲ್ಲದಿದ್ದರೆ ಹಿಂದಿನ ಲೇಬಲ್‌ನಲ್ಲಿ ತುಂಬಿದ ತಿಂಗಳು ಹುಡುಕಿ.

ಬಾಟಲಿ ಕೈಗೆತ್ತಿಕೊಂಡಾಗ ಕತ್ತು ನೋಡಿ. ನಿಲ್ಲಿಸಿ ಹಿಡಿದರೆ ವೈನ್ ಕತ್ತಿನೊಳಗೇ ಇರಬೇಕು, ಭುಜದ ಹತ್ತಿರ ಇಳಿದಿದ್ದರೆ ಎಲ್ಲೋ ಸೋರಿದೆ. ಕಾರ್ಕ್ ಬಾಟಲಿಯಾದರೆ ಮೇಲಿನ ಹೊದಿಕೆಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ತಿರುಗಿಸಿ. ಅಂಟಿಕೊಂಡಂತಿದ್ದರೆ, ಅಂಚಿನಲ್ಲಿ ಅಂಟು ಕಲೆ ಇದ್ದರೆ, ಅಥವಾ ಕಾರ್ಕ್ ಹೊದಿಕೆಯನ್ನು ಮೇಲಕ್ಕೆ ಉಬ್ಬಿಸಿದ್ದರೆ ಅದು ಶಾಖ ತಿಂದ ಬಾಟಲಿ: ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ತಳ್ಳಿದೆ. ಗೋವಾದ ಮೇ ತಿಂಗಳಲ್ಲಿ ರಾತ್ರಿ ಏಸಿ ಆರಿಸುವ ಅಂಗಡಿಗಳಲ್ಲಿ ಇದು ಸಾಮಾನ್ಯ, ದುಬಾರಿ ಬಾಟಲಿಗೇ ಹೆಚ್ಚು ಆಗುತ್ತದೆ, ಯಾಕೆಂದರೆ ಅವು ತಿಂಗಳುಗಟ್ಟಲೆ ಮಾರಾಟವಾಗದೆ ನಿಂತಿರುತ್ತವೆ. ತೆರೆದರೆ ತಾಜಾ ಹಣ್ಣಿನ ಬದಲು ಬೇಯಿಸಿದ ಜಾಮಿನ ವಾಸನೆ. ರೋಸೆಯ (ಗುಲಾಬಿ ಬಣ್ಣದ ವೈನ್) ಬಿಳಿ ಗಾಜಿನ ಬಾಟಲಿ ಟ್ಯೂಬ್‌ಲೈಟಿನ ನೇರ ಕೆಳಗಿದ್ದರೆ ಹಿಂದಿನ ಸಾಲಿನಿಂದ ಎತ್ತಿಕೊಳ್ಳಿ. ಬೆಳಕು ಬಿದ್ದ ವೈನಿಗೆ ಬೆಂದ ಎಲೆಕೋಸಿನ ವಾಸನೆ ಹತ್ತುತ್ತದೆ. ತಿರುಗು ಮುಚ್ಚಳವನ್ನು ಕೀಳೆಂದು ಬಿಡಬೇಡಿ. ಒದ್ದೆ ರಟ್ಟಿನ ವಾಸನೆ ತರುವ ಕಾರ್ಕ್ ರೋಗ ಅದಕ್ಕೆ ತಗಲುವುದಿಲ್ಲ, ಬೇಗ ಕುಡಿಯುವ ವೈನಿಗೆ ಅದೇ ಸರಿಯಾದ ಮುಚ್ಚಳ.

ಕೆಂಪು ವೈನಿನಲ್ಲಿ ಲೆಕ್ಕ ಬದಲಾಗುತ್ತದೆ. ಒಳ್ಳೆಯ ಕೆಂಪನ್ನು ಹೆಚ್ಚಾಗಿ ಓಕ್ ಮರದ ಪೀಪಾಯಿಯಲ್ಲಿ ಮಾಗಿಸುತ್ತಾರೆ. ಒಂದು ಓಕ್ ಪೀಪಾಯಿ 225 ಲೀಟರ್, ಅಂದರೆ 300 ಬಾಟಲಿ. ಹೊಸ ಫ್ರೆಂಚ್ ಓಕ್ ಪೀಪಾಯಿಗೆ ಮುಕ್ಕಾಲು ಲಕ್ಷದ ಆಸುಪಾಸು ಹಿಡಿದರೆ ಬಾಟಲಿಗೆ 250 ರೂಪಾಯಿ ಬರೀ ಮರದ ಖರ್ಚು. ಜೊತೆಗೆ ವರ್ಷವಿಡೀ ಆವಿಯಾಗಿ ಹೋಗುವ ಪಾಲು, ಅದನ್ನು ತುಂಬಿಸುತ್ತಲೇ ಇರುವ ಕೂಲಿ, ಅಷ್ಟು ದಿನ ಕಟ್ಟಿಹಾಕಿದ ಬಂಡವಾಳ. ಐನೂರು-ಆರುನೂರರ ಬಾಟಲಿಯಲ್ಲಿ ಇದೆಲ್ಲ ಆಗುವ ಮಾತಲ್ಲ. ಅಲ್ಲಿ ಓಕ್ ರುಚಿ ಬಂದಿದ್ದರೆ ಟ್ಯಾಂಕಿಗೆ ಮರದ ಚೂರು ಹಾಕಿರುವ ಸಾಧ್ಯತೆಯೇ ಹೆಚ್ಚು: ಮೂಗಿಗೆ ವೆನಿಲ್ಲಾ ಎಸೆನ್ಸ್ ಜೋರಾಗಿ ಬಡಿಯುತ್ತದೆ, ನಾಲಿಗೆಯ ನಡುವೆ ಏನೂ ಉಳಿಯುವುದಿಲ್ಲ. ಪೀಪಾಯಿಯಲ್ಲಿ ಕೂತ ವೈನಿನಲ್ಲಿ ಒಗರು ಮೆತ್ತಗಾಗಿ, ನುಂಗಿದ ಮೇಲೂ ರುಚಿ ನಿಲ್ಲುತ್ತದೆ. ಕಾಬೆರ್ನೆ ದ್ರಾಕ್ಷಿಯ ಅಗ್ಗದ ವೈನಿನಲ್ಲಿ ಮತ್ತೊಂದು ತೊಂದರೆ, ಹಣ್ಣು ಪೂರ್ತಿ ಮಾಗದಿದ್ದರೆ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ. ಅದನ್ನು ಮುಚ್ಚಲು ಒಂಚೂರು ಸಿಹಿ ಬಿಟ್ಟಿರುತ್ತಾರೆ, ಎರಡನೇ ಗ್ಲಾಸಿಗೆ ಅದು ಮುಖ ಹೊಡೆಯುತ್ತದೆ.

ಹಾಗಾಗಿ ಕೆಂಪಿನಲ್ಲಿ ಅಗ್ಗದ್ದೇ ಬೇಕಾದರೆ ಓಕ್ ಮುಟ್ಟದ ಶಿರಾಜ್ ದ್ರಾಕ್ಷಿಯ ವೈನ್ ಆರಿಸಿ, ಅದು ತಾನಲ್ಲದ್ದನ್ನು ಆಗಲು ಹೋಗುವುದಿಲ್ಲ. ಏರುವುದಾದರೆ ಫ್ರಾಟೆಲ್ಲಿಯ ಸೆಟ್ಟೆ, ಸುಲಾದ ರಸಾ, ಗ್ರೋವರ್‌ನ ಲಾ ರಿಸರ್ವ್ ಕಡೆ ಏರಿ. ಈ ಮೂರರ ಎದುರು ಅದೇ ಬೆಲೆಯ ಆಮದು ವೈನ್ ನಿಲ್ಲುವುದು ಕಷ್ಟ. ಹಂಪಿ ಕಡೆಯ ಕ್ರಿಸ್ಮಾ ಕಾಬೆರ್ನೆ ಕಣ್ಣಿಗೆ ಬಿದ್ದರೆ ಬಿಡಬೇಡಿ. ಉತ್ತರ ಕರ್ನಾಟಕದ ಬಿಸಿಲಿನಲ್ಲಿ ಇಷ್ಟು ಗಂಭೀರ ವೈನ್ ಆಗುತ್ತದೆಂಬುದು ನಮ್ಮವರಿಗೇ ಗೊತ್ತಿಲ್ಲ.

ಗುಳ್ಳೆ ವೈನಿನಲ್ಲೂ ದೇಶೀಯದೇ ಮೇಲುಗೈ. ದಿಂಡೋರಿಯ ಶಾಂದೋನ್, ಸುಲಾ ಬ್ರೂಟ್ ಎರಡಕ್ಕೂ ಶಾಂಪೇನಿನಂತೆ ಬಾಟಲಿಯೊಳಗೇ ಗುಳ್ಳೆ ಬರಿಸುವ ಎರಡನೇ ಹುದುಗು. ಹೆಚ್ಚು ಬೆಲೆಗೆ ಆಮದಾಗುವ ಇಟಲಿಯ ಗುಳ್ಳೆ ವೈನ್ ಪ್ರೊಸೆಕ್ಕೋಗೆ ಸಾಮಾನ್ಯವಾಗಿ ಖರ್ಚು ಕಡಿಮೆಯ ಟ್ಯಾಂಕಿನ ಹುದುಗು. ಗೋವಾದ ಪೋರ್ಟ್ ಎಂಬ ಅಗ್ಗದ ಸಿಹಿ ವೈನ್ ಪೋರ್ಚುಗಲ್ಲಿನ ದೌರು ಕಣಿವೆಯ ಪೋರ್ಟ್‌ಗೆ ಹೋಲಿಸುವಂಥದ್ದಲ್ಲ; ಗೋವಾದ ಸಿಹಿತಿಂಡಿ ಬೆಬಿಂಕಾ ಜೊತೆ ಚಿಕ್ಕ ಗ್ಲಾಸಿನಲ್ಲಿ ತಣ್ಣಗೆ ಕುಡಿಯಲು ಅಡ್ಡಿಯಿಲ್ಲ.

ಬೆಲೆ ಚೀಟಿ ನಾಲಿಗೆಯನ್ನು ತಿರುಚುತ್ತದೆ ಎಂಬುದಕ್ಕೆ ಪುರಾವೆ ಇದೆ. 2008ರಲ್ಲಿ ಪ್ರಕಟವಾದ, ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಒಂದೇ ವೈನನ್ನು 10 ಡಾಲರ್ ಎಂದೂ 90 ಡಾಲರ್ ಎಂದೂ ಹೇಳಿ ಕೊಟ್ಟರು. 90 ಎಂದಾಗ ಜನ ಹೆಚ್ಚು ಮೆಚ್ಚಿದರು. ಅದೇ ವರ್ಷ ಹೊರಬಂದ, ಹೆಸರು ಮುಚ್ಚಿ ನಡೆಸಿದ 6,000ಕ್ಕೂ ಹೆಚ್ಚು ರುಚಿ ಪರೀಕ್ಷೆಗಳ ವಿಶ್ಲೇಷಣೆಯಲ್ಲಿ, ಬೆಲೆ ಗೊತ್ತಿಲ್ಲದಾಗ ತರಬೇತಿ ಇಲ್ಲದವರು ದುಬಾರಿ ವೈನನ್ನು ತುಸು ಕಡಿಮೆಯೇ ಇಷ್ಟಪಟ್ಟಿದ್ದರು.

ಮನೆಯಲ್ಲೇ ಪರೀಕ್ಷಿಸಬೇಕೆಂದರೆ ಹೀಗೆ ಮಾಡಿ. ಒಂದೇ ದ್ರಾಕ್ಷಿಯ ಎರಡು ಬಾಟಲಿ, ಒಂದು ಅಗ್ಗ ಒಂದು ದುಬಾರಿ, ಎರಡೂ ಒಂದೇ ತಂಪಿನಲ್ಲಿರಲಿ. ರುಚಿ ನೋಡದ ಒಬ್ಬರು ಒಳಗೆ ಕೂತು ಸುರಿಯಲಿ. ಆರು ಜನಕ್ಕೆ ತಲಾ ಮೂರು ಒಂದೇ ಬಗೆಯ ಗ್ಲಾಸ್, ಪ್ರತಿಯೊಂದಕ್ಕೂ 40 ಮಿಲಿ. ಮೂರು ಜನಕ್ಕೆ ಎರಡು ಅಗ್ಗದ್ದು ಒಂದು ದುಬಾರಿ, ಉಳಿದ ಮೂವರಿಗೆ ತಿರುಗಾಮುರುಗಾ. ಪ್ರತಿ ಬಾಟಲಿಯಿಂದ 360 ಮಿಲಿ ಖರ್ಚು. ಬೇರೆಯಾಗಿರುವ ಗ್ಲಾಸ್ ಯಾವುದೆಂದು ಮೊದಲು ಬರೆಯಲಿ, ಆಮೇಲೆ ಯಾವುದು ಇಷ್ಟ ಎಂದು. ಊಹೆಯಿಂದಲೇ ಮೂರರಲ್ಲೊಬ್ಬರು ಸರಿ ಹೇಳುತ್ತಾರೆ, ಆದ್ದರಿಂದ ಆರರಲ್ಲಿ ಐವರಾದರೂ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜವೆನ್ನಿ. ಮಾತಾಡುತ್ತಾ ಕುಡಿದರೆ ಪರೀಕ್ಷೆ ಕೆಟ್ಟಿತು. ಜೋರು ದನಿಯವರ ಅಭಿಪ್ರಾಯವೇ ಎಲ್ಲರದೂ ಆಗುತ್ತದೆ.

ಅಗ್ಗದ ವೈನಿಗೆ ಕೆಟ್ಟ ಹೆಸರು ಬರುವುದು ಹೆಚ್ಚಾಗಿ ತಪ್ಪು ತಾಪಮಾನದಿಂದ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕೆಂಬ ಮಾತು 18 ಡಿಗ್ರಿಯ ಕೋಣೆಗಳ ದೇಶದ್ದು. ವಾಸ್ಕೊದ ಫ್ಲ್ಯಾಟಿನ 31 ಡಿಗ್ರಿಯಲ್ಲಿ ಅದೇ ವೈನ್ ಸ್ಪಿರಿಟ್ ವಾಸನೆ ಹೊಡೆಯುತ್ತದೆ. ಬಡಿಸುವ ಮೊದಲು ಮುಕ್ಕಾಲರಿಂದ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿಗೆ ಮೂರು ಗಂಟೆ ಬೇಕು. ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು, 20 ನಿಮಿಷ. ಬರೀ ಐಸ್ ಹಾಕಿದರೆ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ಬಾಟಲಿ ಬೇಗ ತಣಿಯುವುದಿಲ್ಲ.

ಉಳಿದದ್ದನ್ನು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಕೆಂಪು, ಬಿಳಿ ಎರಡೂ ಮೂರು ದಿನ ಬರುತ್ತವೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಚಿಕ್ಕ ಬಾಟಲಿಗೆ ಕಂಠಮಟ್ಟ ತುಂಬಿಡಿ, ಒಳಗೆ ಗಾಳಿ ಕಡಿಮೆಯಾಗುತ್ತದೆ. ಊರಿಗೆ ಹೊರಟವರು ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಲೇಬಲ್ ಮೇಲೇ ಅಚ್ಚಾಗಿರುತ್ತದೆ. ಪರ್ಮಿಟ್ ಇಲ್ಲದೆ ಗಡಿಯ ಮಾಜಾಳಿಯಲ್ಲೋ ಅನಮೋಡದಲ್ಲೋ ತಪಾಸಣೆಗೆ ಸಿಕ್ಕರೆ ಬಾಟಲಿಯೂ ಹೋಗುತ್ತದೆ, ಕೇಸೂ ಬೀಳಬಹುದು.