ಒಳಗೊಂದು ಹೊರಗೊಂದು ಇರುವ ಪಾತ್ರಗಳಿಗೆ ಸ್ಕ್ರಿವನರ್ 3

ಪೂರ್ತಿ ಒಳ್ಳೆಯವನೂ ಅಲ್ಲದ, ಪೂರ್ತಿ ಕೆಟ್ಟವನೂ ಅಲ್ಲದ ನಾಯಕನನ್ನು ಇಟ್ಟುಕೊಂಡು ಕಾದಂಬರಿ ಬರೆಯುವವರಿಗೆ ಮೊದಲು ಕೈತಪ್ಪುವುದು ಲೆಕ್ಕ. ಯಾರಿಗೆ ಏನು ಗೊತ್ತು, ಯಾವ ದೃಶ್ಯದಿಂದ ಗೊತ್ತು, ಯಾರಿಗೆ ಯಾವ ಸುಳ್ಳು ಹೇಳಿಯಾಗಿದೆ, ಓದುಗನಿಗೆ ಎಷ್ಟು ಬಿಟ್ಟುಕೊಟ್ಟಾಗಿದೆ. ಒಂದೇ ಉದ್ದನೆಯ ವರ್ಡ್ ಫೈಲ್‌ನಲ್ಲಿ ನಲವತ್ತು ದೃಶ್ಯ ದಾಟಿದ ಮೇಲೆ ಇದು ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಈ ಲೆಕ್ಕ ಇಡಲು ಸ್ಕ್ರಿವನರ್ ಎಂಬ ಬರವಣಿಗೆಯ ತಂತ್ರಾಂಶ ಎಷ್ಟು ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಲಿಟರೇಚರ್ ಅಂಡ್ ಲ್ಯಾಟೆ ಎಂಬ ಸಣ್ಣ ಸಂಸ್ಥೆಯ ತಂತ್ರಾಂಶ ಇದು. ಮ್ಯಾಕ್‌ಗೆ 2007ರಲ್ಲಿ ಬಂತು. ಈಗ ಚಾಲ್ತಿಯಲ್ಲಿರುವ ಮೂರನೆಯ ಆವೃತ್ತಿ ಮ್ಯಾಕ್‌ಗೆ 2017ರಲ್ಲಿ, ವಿಂಡೋಸ್‌ಗೆ 2021ರಲ್ಲಿ ಸಿಕ್ಕಿತು. ಎಡಕ್ಕೆ ದೃಶ್ಯಗಳ ಪಟ್ಟಿ ತೋರಿಸುವ ಬೈಂಡರ್, ನಡುವೆ ಬರೆಯುವ ಜಾಗ, ಬಲಕ್ಕೆ ಸಾರಾಂಶ, ಟಿಪ್ಪಣಿಗಳಿರುವ ಇನ್‌ಸ್ಪೆಕ್ಟರ್. ಒಂದೊಂದು ದೃಶ್ಯವೂ ಒಂದೊಂದು ಬಿಡಿ ಹಾಳೆ. ಹಿಂದೆ ಮುಂದೆ ಮಾಡಬೇಕಾದರೆ ಎಳೆದು ಬಿಟ್ಟರೆ ಆಯಿತು.

ಹೊಸಬರು ನೇರವಾಗಿ ಹೋಗುವುದು ಕಾದಂಬರಿ ಟೆಂಪ್ಲೇಟ್‌ನ ಪಾತ್ರಪರಿಚಯದ ಹಾಳೆಗೆ. ಅದರಲ್ಲಿ ಉದ್ಯೋಗ, ರೂಪ, ಅಭ್ಯಾಸಗಳ ಜೊತೆಗೆ ಒಳಗಿನ ಸಂಘರ್ಷ, ಹೊರಗಿನ ಸಂಘರ್ಷ ಎಂಬ ಶೀರ್ಷಿಕೆಗಳೂ ಇವೆ. ಈ ಹಾಳೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅದು ದೃಶ್ಯಗಳಿಂದ ದೂರ, ಬೇರೆ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಮೊದಲ ದಿನ ತುಂಬಿದ ‘ಅಪರಾಧಿಪ್ರಜ್ಞೆ ಕಾಡುತ್ತದೆ’ ಎಂಬ ಸಾಲು ಕೊನೆಯವರೆಗೂ ಹಾಗೇ ಇರುತ್ತದೆ, ಕಥೆಯಲ್ಲಿ ಆ ಮನುಷ್ಯ ಎಷ್ಟೋ ಬದಲಾಗಿರುತ್ತಾನೆ. ಬೇಕೇ ಬೇಕು ಅನ್ನುವವರು ಆ ಹಾಳೆಯನ್ನು ಸಂಬಂಧಪಟ್ಟ ದೃಶ್ಯದ ಬುಕ್‌ಮಾರ್ಕ್ ಪಟ್ಟಿಗೆ ಎಳೆದು ಹಾಕಿ. ಬರೆಯುವಾಗ ಇನ್‌ಸ್ಪೆಕ್ಟರ್‌ನಲ್ಲೇ ಅದರ ಒಳಪುಟ ಕಾಣುತ್ತಿರುತ್ತದೆ.

ನಿಜವಾದ ಉಪಯೋಗ ಇರುವುದು ಕಸ್ಟಮ್ ಮೆಟಾಡೇಟಾದಲ್ಲಿ, ಅಂದರೆ ಪ್ರತಿ ದೃಶ್ಯಕ್ಕೂ ನಾವೇ ಸೇರಿಸಿಕೊಳ್ಳುವ ಮಾಹಿತಿಯ ಕಾಲಂಗಳಲ್ಲಿ. ಪ್ರಾಜೆಕ್ಟ್ ಮೆನುವಿನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ನಾಲ್ಕು ಕಾಲಂ ಮಾಡಿಕೊಳ್ಳಿ: ಅವನಿಗೆ ಗೊತ್ತಿರುವುದು, ಅವಳಿಗೆ ಗೊತ್ತಿರುವುದು, ಓದುಗನಿಗೆ ಗೊತ್ತಿರುವುದು, ಈ ದೃಶ್ಯದಲ್ಲಿ ಹೇಳಿದ ಸುಳ್ಳು. ನಾಲ್ಕೂ ಪಠ್ಯದ ಕಾಲಂಗಳೇ ಇರಲಿ. ಉದಾಹರಣೆಗೆ, ಪ್ರೇಯಸಿಯ ತಂದೆ ಸತ್ತ ಅಪಘಾತದಲ್ಲಿ ಗಾಡಿ ಓಡಿಸುತ್ತಿದ್ದವನು ತಾನೇ ಎಂಬುದನ್ನು ಮುಚ್ಚಿಟ್ಟವನ ಕಥೆ ತೆಗೆದುಕೊಳ್ಳಿ. ಓದುಗನಿಗೆ ಅದು ಒಂಬತ್ತನೆಯ ದೃಶ್ಯದಲ್ಲಿ ತಿಳಿಯುತ್ತದೆ, ಅವಳಿಗೆ ಮೂವತ್ತೊಂದರಲ್ಲಿ. ದೃಶ್ಯಗಳನ್ನು ಕೋಷ್ಟಕದಂತೆ ತೋರಿಸುವ ಔಟ್‌ಲೈನರ್ ತೆರೆದು ಈ ನಾಲ್ಕು ಕಾಲಂಗಳನ್ನು ಪಕ್ಕಪಕ್ಕ ಇಟ್ಟು ಮೇಲಿನಿಂದ ಕೆಳಕ್ಕೆ ಓದಿದರೆ ಹುಳುಕು ಕಣ್ಣಿಗೆ ಹೊಡೆಯುತ್ತದೆ. ಹದಿನಾಲ್ಕನೆಯ ದೃಶ್ಯದಲ್ಲಿ ‘ಆ ರಾತ್ರಿ ನಾನು ಊರಲ್ಲೇ ಇರಲಿಲ್ಲ’ ಅಂದವನು ಇಪ್ಪತ್ತರಲ್ಲಿ ಅದೇ ರಾತ್ರಿಯ ಮಳೆಯನ್ನು ಅವಳೆದುರೇ ನೆನೆಯುತ್ತಾನೆ. ಅದನ್ನು ತಿದ್ದಬಹುದು. ಇಲ್ಲವೇ ಅಲ್ಲಿಂದಲೇ ಅವಳ ಅನುಮಾನ ಶುರು ಮಾಡಬಹುದು, ಅದು ಇನ್ನೂ ಒಳ್ಳೆಯದು. ಒಂಬತ್ತರಿಂದ ಮೂವತ್ತೊಂದರವರೆಗೆ ಸುಳ್ಳಿನ ಕಾಲಂ ಖಾಲಿಯೇ ಇದ್ದರೆ, ಗುಟ್ಟು ಅವನನ್ನು ಕಾಡುತ್ತಿಲ್ಲ, ಬರೀ ಮರೆಯಲ್ಲಿದೆ ಎಂದರ್ಥ. ಇಂಥ ಪಾತ್ರಗಳು ಸಪ್ಪೆಯಾಗುವುದು ಹೆಚ್ಚಾಗಿ ಇಲ್ಲೇ.

ಪ್ರತಿ ಕಾಲಂಗೂ ಉದ್ದದ ಪಠ್ಯವನ್ನು ಮುಂದಿನ ಸಾಲಿಗೆ ಇಳಿಸುವ (ರ‍್ಯಾಪ್ ಟೆಕ್ಸ್ಟ್) ಆಯ್ಕೆಯನ್ನು ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಉದ್ದನೆಯ ಟಿಪ್ಪಣಿಯ ಮೊದಲ ಒಂದಷ್ಟು ಪದ ಮಾತ್ರ ಕಾಣುತ್ತದೆ.

ಒಂದಾಗದ ಜೋಡಿಯ ಕಥೆಗಳಿಗೆ, ದೃಶ್ಯಗಳನ್ನು ಕಾರ್ಡುಗಳಾಗಿ ತೋರಿಸುವ ಕಾರ್ಕ್‌ಬೋರ್ಡ್‌ನಲ್ಲಿ ಕಾರ್ಡುಗಳನ್ನು ಲೇಬಲ್ ಪ್ರಕಾರ ಸಾಲು ಮಾಡುವ ನೋಟವನ್ನು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ. ಲೇಬಲ್ ಹೆಸರನ್ನು ‘ಯಾರ ಕಣ್ಣಿನಲ್ಲಿ’ ಎಂದು ಬದಲಿಸಿ, ಅವನು, ಅವಳು, ಇಬ್ಬರೂ ಎಂದು ಮೂರು ಬಣ್ಣ ಕೊಡಿ. ಒಂದು ದೃಶ್ಯಕ್ಕೆ ಒಂದೇ ಲೇಬಲ್ ಹಾಕಲು ಸಾಧ್ಯ, ಆದ್ದರಿಂದ ಮೂರನೆಯದು ಬೇಕೇ ಬೇಕು. ಆಗ ಕಾರ್ಡುಗಳು ಮೂರು ಸಾಲಾಗಿ ಹರಡಿಕೊಳ್ಳುತ್ತವೆ. ‘ಇಬ್ಬರೂ’ ಸಾಲಿನಲ್ಲಿ ಮೊದಲ ಮೂರನೇ ಒಂದು ಭಾಗದಲ್ಲಿ ಎರಡೇ ಕಾರ್ಡು ಇದ್ದರೆ ಓದುಗ ಅವರ ಪ್ರೀತಿಯನ್ನು ನಂಬುವುದಿಲ್ಲ, ಅಗಲಿಕೆಗೆ ಮರುಗುವುದೂ ಇಲ್ಲ. ಪ್ರತಿ ‘ಇಬ್ಬರೂ’ ಕಾರ್ಡಿನ ಸಾರಾಂಶದಲ್ಲಿ ಇವರು ಇಲ್ಲಿ ಯಾಕೆ ಒಂದಾಗಲಿಲ್ಲ ಎಂದು ಒಂದು ವಾಕ್ಯ ಬರೆಯಿರಿ. ಎಲ್ಲ ಕಾರ್ಡಿಗೂ ಒಂದೇ ಉತ್ತರ ಬಂದರೆ, ಅದರಲ್ಲೂ ಒಂದು ಫೋನ್ ಕರೆಯಲ್ಲಿ ಬಗೆಹರಿಯುವ ತಪ್ಪು ತಿಳಿವಳಿಕೆಯೇ ಉತ್ತರವಾದರೆ, ಕಥೆಗೆ ಇನ್ನೊಂದು ತಡೆ ಬೇಕು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಕಾರ್ಡನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಎಳೆದರೆ ಅದರ ಲೇಬಲ್ಲೇ ಬದಲಾಗುತ್ತದೆ. ಇನ್ನೊಂದು, ಕಾರ್ಕ್‌ಬೋರ್ಡ್ ತೋರಿಸುವುದು ಆಯ್ದ ಫೋಲ್ಡರ್‌ನ ನೇರ ಒಳಗಿರುವುದನ್ನು ಮಾತ್ರ. ದೃಶ್ಯಗಳನ್ನು ಅಧ್ಯಾಯದ ಫೋಲ್ಡರ್‌ಗಳಲ್ಲಿ ಇಟ್ಟರೆ ಬರೀ ಅಧ್ಯಾಯಗಳು ಕಾಣುತ್ತವೆ. ಮೊದಲ ಕರಡು ಮುಗಿಯುವವರೆಗೆ ಅಧ್ಯಾಯ ಮಾಡದೆ ದೃಶ್ಯಗಳನ್ನು ಸಾಲಾಗಿ ಬಿಡುವುದು ಲೇಸು.

ತಪ್ಪೊಪ್ಪಿಗೆಯಂಥ ದೃಶ್ಯವನ್ನು ತಿದ್ದುವ ಮುನ್ನ ಸ್ನ್ಯಾಪ್‌ಶಾಟ್, ಅಂದರೆ ಆಗಿನ ಪಠ್ಯದ ನಕಲು, ತೆಗೆಯಿರಿ: ವಿಂಡೋಸ್‌ನಲ್ಲಿ ಕಂಟ್ರೋಲ್ 5, ಮ್ಯಾಕ್‌ನಲ್ಲಿ ಕಮಾಂಡ್ 5. ಕಟುಕನಂಥ ಪಾತ್ರದ ಮಾತನ್ನು ಮೂರು ಸಲ ತಿದ್ದಿದರೆ ಮೊದಲಿನ ಒರಟುತನ ನುಣುಪಾಗಿ ಹೋಗುವುದು ಸಾಮಾನ್ಯ. ಹಳೆಯ ಪ್ರತಿಯನ್ನು ಹೋಲಿಸಿದಾಗ ಎಲ್ಲಿ ಹೋಯಿತು ಎಂದು ಬಣ್ಣದಲ್ಲೇ ಕಾಣುತ್ತದೆ. ಸಾರಾಂಶ ಮತ್ತು ಟಿಪ್ಪಣಿ ಸ್ನ್ಯಾಪ್‌ಶಾಟ್‌ಗೆ ಸೇರುವುದಿಲ್ಲ.

ಕನ್ನಡದಲ್ಲಿ ಬರೆಯುವವರು ಯುನಿಕೋಡ್‌ನಲ್ಲೇ ಬರೆಯಬೇಕು. ಹಳೆಯ ಆಸ್ಕಿ ಫಾಂಟ್‌ನ ಬರಹವನ್ನು ತಂದು ಹಾಕಿದರೆ ಕನ್ನಡದಲ್ಲಿ ಹುಡುಕಲಾಗುವುದಿಲ್ಲ, ಕಂಪೈಲ್ ಮಾಡುವಾಗ, ಅಂದರೆ ಬಿಡಿ ದೃಶ್ಯಗಳನ್ನೆಲ್ಲ ಕೂಡಿಸಿ ಒಂದೇ ಫೈಲಾಗಿ ಹೊರತೆಗೆಯುವಾಗ, ಫಾಂಟ್ ಬದಲಾದ ಕೂಡಲೇ ಇಡೀ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತದೆ. ಕಂಪೈಲ್ ಈ ತಂತ್ರಾಂಶದ ಅತಿ ಗೋಜಲಿನ ಭಾಗ. ಅಲ್ಲಿನ ಸಿದ್ಧ ಮಾದರಿಗಳು ಇಂಗ್ಲಿಷ್ ಫಾಂಟ್ ಹಿಡಿದು ಮಾಡಿದವು. ಅದನ್ನು ನೋಟೋ ಸೆರಿಫ್ ಕನ್ನಡದಂಥ ಫಾಂಟ್‌ಗೆ ಬದಲಿಸಿ ವರ್ಡ್ ಫೈಲಾಗಿ ಹೊರತೆಗೆಯಿರಿ, ಪುಟವಿನ್ಯಾಸವನ್ನು ಅಲ್ಲಿ ಮಾಡಿಕೊಳ್ಳಿ.

ಒಂದು ಪ್ರಾಜೆಕ್ಟ್ ಅಂದರೆ ನೂರಾರು ಸಣ್ಣ ಫೈಲ್‌ಗಳಿರುವ ಫೋಲ್ಡರ್. ಒಂದು ಕಂಪ್ಯೂಟರಿನಲ್ಲಿ ಮುಚ್ಚದೆ ಇನ್ನೊಂದರಲ್ಲಿ ತೆರೆದರೆ, ಅಥವಾ ಎರಡರ ನಡುವಿನ ಸಿಂಕ್ ಮುಗಿಯುವ ಮೊದಲೇ ತೆರೆದರೆ, ದೃಶ್ಯಗಳು ಗೊಂದಲಕ್ಕೆ ಬೀಳುತ್ತವೆ. ಉಳಿಸಿಕೊಳ್ಳುವ ಬ್ಯಾಕಪ್ ಪ್ರತಿಗಳ ಸಂಖ್ಯೆಯನ್ನು 25ಕ್ಕೆ ಏರಿಸಿ, ಬೇರೆ ಡಿಸ್ಕ್‌ನಲ್ಲಿಡಿ. ಇಬ್ಬರು ಒಟ್ಟಿಗೆ ಬರೆಯುವುದಿದ್ದರೆ, ಆಂಡ್ರಾಯ್ಡ್ ಫೋನಿನಲ್ಲಿ ಬರೆಯುವುದಿದ್ದರೆ ಇದು ಬೇಡ. ಒಬ್ಬನೇ ನಿರೂಪಕನ ನೀಳ್ಗತೆಗೆ ವರ್ಡ್ ಸಾಕು.

ಕೊಳ್ಳುವ ಮುನ್ನ ಪರೀಕ್ಷಿಸಲು ಸಿಗುವ 30 ದಿನಗಳನ್ನು ತೆರೆದ ದಿನಗಳ ಲೆಕ್ಕದಲ್ಲಿ ಎಣಿಸುತ್ತಾರೆ. ವಾರಕ್ಕೆ ಎರಡು ದಿನ ಬಳಸಿದರೆ 15 ವಾರ ಬರುತ್ತದೆ. ಅರ್ಧಕ್ಕೆ ನಿಂತ ಕರಡಿನಲ್ಲಿ ದೃಶ್ಯಗಳ ನಡುವೆ # ಚಿಹ್ನೆ ಹಾಕಿ, ಫೈಲ್ ಮೆನುವಿನ ‘ಇಂಪೋರ್ಟ್ ಅಂಡ್ ಸ್ಪ್ಲಿಟ್’ ಬಳಸಿದರೆ ಅದು ತಾನೇ ಬಿಡಿಬಿಡಿಯಾಗಿ ಒಳಗೆ ಬರುತ್ತದೆ. ಮೊದಲು ತುಂಬಬೇಕಾದದ್ದು ಸುಳ್ಳಿನ ಕಾಲಂ.